ಬಣವೆ ನೋಡಿ ಹಸು ತರಬೇಕಿತ್ತು

ನಾನು ಶಿರಾ ಕಡೆಯವನು. ಎರಡೂವರೆ ಎಕರೆ, ರಾಗಿ, ಕಡಲೆಕಾಯಿ, ಎಲ್ಲಾ ಮಳೆ ನಂಬಿಕೊಂಡೇ. ಇಷ್ಟಿಟ್ಟುಕೊಂಡು ದಿನಕ್ಕೆ 18 ಲೀಟರ್ ಕರೆಯುವ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ಅನ್ನುವ ದೊಡ್ಡ ಮೈಯ ವಿದೇಶಿ ತಳಿ) ಹಸು ತಂದೆ. ಮಾರಿದವರೇನೂ ಸುಳ್ಳು ಹೇಳಿರಲಿಲ್ಲ, ಮೊದಲ ತಿಂಗಳು ಅಷ್ಟು ಕೊಟ್ಟಿತು.

ಎರಡನೇ ತಿಂಗಳಿಗೆ ಸೊಂಟದ ಮೂಳೆ ಎದ್ದವು, ಪಕ್ಕೆ ಎಣಿಸಬಹುದಿತ್ತು. ಹಾಲು ಮಾತ್ರ ಇಳಿಯಲಿಲ್ಲ, ಅದಕ್ಕೇ ನಾನು ಮೋಸ ಹೋದೆ. ರಾಗಿ ಹುಲ್ಲು ಹೊಟ್ಟೆ ತುಂಬಿಸುತ್ತದೆ ನಿಜ, ಆದರೆ 18 ಲೀಟರಿಗೆ ಬೇಕಾದ ಕಸುವು ಅದರಲ್ಲಿ ಎಲ್ಲಿದೆ? ಸಾಲದ್ದನ್ನು ಹಸು ಮೈ ಕರಗಿಸಿ ಹಾಲಿಗೆ ಹಾಕುತ್ತದೆ. ಹಾಗೆ ಮೈ ಇಳಿಯುತ್ತಿದ್ದರೆ ಬೆದೆಗೆ ಬರುವುದೂ ಕಷ್ಟ. ನಮ್ಮದು ಐದು ತಿಂಗಳಾದರೂ ಬರಲಿಲ್ಲ, ಬಂದ ಮೇಲೆ ಮೂರು ಸಲ ಸೆಮೆನ್ ಹಾಕಿಸಿದರೂ ಗಬ್ಬ ನಿಲ್ಲಲಿಲ್ಲ.

ಡಾಕ್ಟರ್ ಬಂದವರು ಹಸುಗಿಂತ ಮೊದಲು ಬಣವೆ ನೋಡಿದರು. 'ಇದು ಯಾವ ತಿಂಗಳವರೆಗೆ ಬರುತ್ತೆ?' ನಾನು ಲೆಕ್ಕವೇ ಹಾಕಿರಲಿಲ್ಲ. ಹಾಕಿದರೆ ಮಾರ್ಚ್‌ಗೇ ಖಾಲಿ. ಅಂಗಡಿಯಿಂದ ತರುವ ಫೀಡೂ ಅಷ್ಟೇ: ಹಸುವಿನ ಮೈ ಉಳಿಯಲು ದಿನಕ್ಕೆ ಎರಡು ಕೆಜಿ, ಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕೆಜಿ, ಅಂದರೆ ಒಂಬತ್ತು ಕೆಜಿ ಬೇಕಾದ ಕಡೆ ನಾಲ್ಕು ಹಾಕುತ್ತಿದ್ದೆ. ಒಂಬತ್ತು ಹಾಕಿದ್ದರೆ ಹಾಲಿನ ದುಡ್ಡೆಲ್ಲ ಫೀಡ್ ಅಂಗಡಿಗೇ.

ನಷ್ಟಕ್ಕೇ ಮಾರಿ ಜೆರ್ಸಿ ಕ್ರಾಸ್ (ಜೆರ್ಸಿ ಮಿಶ್ರತಳಿ) ಹಸು ಕಟ್ಟಿದೆ. ಎಚ್‌ಎಫ್ 500 ಕೆಜಿ ಇದ್ದರೆ ಇದು 350ರ ಹತ್ತಿರ. ನೀರಿನಂಶ ಕಳೆದು 100 ಕೆಜಿ ಮೈಗೆ ದಿನಕ್ಕೆ ಎರಡೂವರೆಯಿಂದ ಮೂರು ಕೆಜಿ ಮೇವು ಅಂತ ಹಿಡಿದರೆ, ಸುಮ್ನೆ ನಾಲ್ಕು ಕೆಜಿ ಉಳಿಯುತ್ತದೆ. ಹಾಲು ಒಂಬತ್ತು ಲೀಟರ್, ಆದರೆ ಫ್ಯಾಟ್ ಜಾಸ್ತಿ, ಡೈರಿಯಲ್ಲಿ ರೇಟು ಪರವಾಗಿಲ್ಲ.

ಅಪ್ಪ ನಮ್ಮ ನಾಟಿ ತಳಿ ಹಳ್ಳಿಕಾರ್ ಕಟ್ಟು ಅಂತಲೇ ಇದ್ದರು. ನಮ್ಮ ಹುಲ್ಲಿಗೆ ಅದೇ ಸರಿ, ಒಪ್ಪುತ್ತೇನೆ. ಆದರೆ ಅದು ಕೊಡುವ ಎರಡು ಲೀಟರಲ್ಲಿ ಮಕ್ಕಳ ಫೀಸು ಹುಟ್ಟುವುದಿಲ್ಲ ಅಲ್ವಾ?

ಇನ್ನೊಂದು ಬದಲಾವಣೆ ಮಾಡಿದೆ. ಹಸಿರು ಮೇವು ನಮ್ಮಲ್ಲಿ ಆಗಸ್ಟ್‌ನಿಂದ ಸಿಗುತ್ತದೆ, ಹಾಗಾಗಿ ನವೆಂಬರ್‌ನಲ್ಲಿ ಸೆಮೆನ್ ಹಾಕಿಸಿದೆ, ಆಗಸ್ಟ್‌ಗೆ ಕರು ಹಾಕಿತು. ಎಪ್ಪತ್ತನೇ ದಿನ ಬೆಳಗಿನ ಜಾವ ಬೆದೆಗೆ ಬಂದು ಕೂಗಿದ್ದು ಕೇಳಿ ಮನೆಯವಳು ನನ್ನನ್ನು ಎಬ್ಬಿಸಿದಳು. ಎರಡನೇ ಸಲಕ್ಕೆ ಗಬ್ಬ ನಿಂತಿತು.