ಪಿಯುಸಿ ಆದ್ಮೇಲೆ ಡಿಗ್ರಿ ಬಿಟ್ಟು ವೈಂಡಿಂಗ್ ಹಿಡಿದೆ: ನನ್ನ ಅನುಭವ

ಕಾಮರ್ಸ್‌ನಲ್ಲಿ ಫಸ್ಟ್ ಕ್ಲಾಸ್ ಬಂದವನು ಮೋಟಾರ್ ವೈಂಡಿಂಗ್ ಅಂಗಡಿಗೆ ಹೋಗ್ತಾನಂತೆ ಅಂತ ಹಿರಿಯೂರಿನ ನಮ್ಮ ನೆಂಟರೆಲ್ಲ ನಕ್ಕಿದ್ದು 2012ರಲ್ಲಿ. ವೈಂಡಿಂಗ್ ಅಂದ್ರೆ ಸುಟ್ಟ ಮೋಟಾರಿನ ತಂತಿ ಕಿತ್ತು ಹೊಸದು ಸುತ್ತೋದು. ಈಗ ಅವರದೇ ಬೋರ್‌ವೆಲ್ ಮೋಟಾರುಗಳು ನನ್ನ ಅಂಗಡಿಗೆ ಬರುತ್ತವೆ. ಬಿಲ್ಲಿನಲ್ಲಿ ರಿಯಾಯಿತಿಯನ್ನೂ ಕೇಳುತ್ತಾರೆ.

ಬಿಕಾಂಗೆ ಫೀಸು, ಬಸ್ಸು, ಪುಸ್ತಕ ಎಲ್ಲ ಸೇರಿ ತಿಂಗಳಿಗೆ 1500 ಬೀಳುತ್ತೆ ಅಂತ ಅಪ್ಪ ಲೆಕ್ಕ ಹಾಕಿದ್ದರು. "ಅಷ್ಟನ್ನೇ ಪೋಸ್ಟ್ ಆಫೀಸಲ್ಲಿ ಆರ್‌ಡಿ ಕಟ್ಟಪ್ಪ. ಮೂರು ವರ್ಷ ನೋಡೋಣ. ಕೆಲಸ ಕೈ ಹಿಡೀಲಿಲ್ಲ ಅಂದ್ರೆ ಅದೇ ದುಡ್ಡಲ್ಲಿ ಕಾಲೇಜಿಗೆ ಹೋಗ್ತೀನಿ" ಅಂದೆ. ಅದು ಐದು ವರ್ಷದ ಆರ್‌ಡಿ. ಮೂರು ವರ್ಷಕ್ಕೆ ಮುರಿಸಿದರೆ ಉಳಿತಾಯ ಖಾತೆಯ ಬಡ್ಡಿ ಅಷ್ಟೇ. ಗೊತ್ತಿದ್ದೇ ಕಟ್ಟಿಸಿದ್ದು. ದುಡ್ಡು ಬೇರೆ ಕಡೆ ಖರ್ಚಾಗದಿದ್ದರೆ ಸಾಕಿತ್ತು. ಅಪ್ಪ ಒಪ್ಪಿದರು. ಅಮ್ಮ ಸುಮಾರು ದಿನ ಮಾತು ಬಿಟ್ಟರು.

ಮೊದಲ ಅಂಗಡಿಯಲ್ಲಿ ಸುಟ್ಟ ಕಾಯಿಲ್ ಕೀಳೋದೇ ಕೆಲಸ. ಊಟ, ಟೀ, ಶನಿವಾರ ನೂರು ರೂಪಾಯಿ. ಗುಜರಿ ತಾಮ್ರವೆಲ್ಲ ಮಾಲೀಕರದ್ದು. ವರ್ಷ ಕಳೆದರೂ ತಂತಿ ಕೈಗೆ ಕೊಡಲಿಲ್ಲ. ಬೇಸತ್ತು ಪೀಣ್ಯಕ್ಕೆ ಹೋದೆ, ಪ್ಯಾನೆಲ್ ಬೋರ್ಡ್ ಜೋಡಿಸುವ ಕೆಲಸ. ಸಂಬಳ ಎಂಟು ಸಾವಿರದ ಹತ್ತಿರ. ರೂಮು, ಊಟಕ್ಕೆ ಐದೂವರೆ ಹೋಗುತ್ತಿತ್ತು. ಅಲ್ಲೂ ನಿಲ್ಲಲಿಲ್ಲ.

ವಾಪಸ್ ಬಂದು ಇನ್ನೊಬ್ಬ ಮೇಸ್ತ್ರಿ ಹತ್ತಿರ ಸೇರಿದೆ. ನಿಜವಾದ ಕೆಲಸ ಕಲಿತದ್ದು ಅಲ್ಲೇ. ಬೋರ್‌ವೆಲ್ ಒಳಗೆ ನೀರಲ್ಲೇ ಓಡುವ ಸಬ್‌ಮರ್ಸಿಬಲ್ ಮೋಟಾರಿನ ಸ್ಟೇಟರ್ (ತಿರುಗದೆ ನಿಲ್ಲುವ, ತಂತಿ ತುಂಬುವ ಭಾಗ) ಕಟ್ಟಿದವರಿಗೆ ಗೊತ್ತು, ಕಾಯಿಲ್ ಸುತ್ತಿ ಒಳಗೆ ಇಡೋಕೆ ಆಗಲ್ಲ. ಸ್ಲಾಟಿಗೆ, ಅಂದ್ರೆ ತಂತಿ ಕೂರುವ ಸಂದಿಗೆ, ತಂತಿಯಷ್ಟೇ ದಪ್ಪದ ಕಡ್ಡಿ ತುಂಬಬೇಕು. ಆಮೇಲೆ ಒಂದೊಂದೇ ಕಡ್ಡಿ ತಳ್ಳಿ, ಆ ಜಾಗಕ್ಕೆ ತಂತಿ ಎಳೀಬೇಕು. ಪಿವಿಸಿ ಕೋಟಿಂಗ್ ಒಂದು ಕಡೆ ತರಚಿದರೂ ಸಾಕು, ನೀರಿಗಿಳಿಸಿ ಮೆಗ್ಗರ್ (ಕರೆಂಟ್ ಸೋರುತ್ತಾ ಅಂತ ನೋಡುವ ಮೀಟರ್) ಇಟ್ಟ ತಕ್ಷಣ ಗೊತ್ತಾಗುತ್ತೆ. ಇಡೀ ದಿನದ ಕೆಲಸ ಮತ್ತೆ ಮೊದಲಿಂದ. ತರಚದಿರಲಿ ಅಂತ ನಾನು ತಂತಿಗೆ ಏನು ಹಚ್ಚುತ್ತೇನೆ ಅನ್ನೋದನ್ನು ಮಾತ್ರ ಕೇಳಬೇಡಿ.

2015ರಲ್ಲಿ ಆರ್‌ಡಿ ಮುರಿಸಿದೆವು. 55 ಸಾವಿರದ ಮೇಲೆ ಬಂತು. ಕಾಲೇಜಿಗಲ್ಲ, ಅಂಗಡಿ ಅಡ್ವಾನ್ಸು, ಚೈನ್ ಪುಲ್ಲಿ, ಒಂದಷ್ಟು ತಂತಿಗೆ ಹೋಯಿತು. ಎರಡನೇ ಬೇಸಿಗೆಯಲ್ಲೇ ಸಿಕ್ಕಿಹಾಕಿಕೊಂಡೆ. "ಈರುಳ್ಳಿ ಮಾರಿ ಕೊಡ್ತೀನಿ ಕಣಪ್ಪ" ಅಂದವರಿಗೆಲ್ಲ ಉದ್ರಿ ಕೊಟ್ಟಿದ್ದೆ. ಈರುಳ್ಳಿ ರೇಟು ಬಿತ್ತು. 60 ಸಾವಿರದಷ್ಟು ನಿಂತೇ ಹೋಯಿತು, ಅದರಲ್ಲಿ ಅರ್ಧ ಇವತ್ತಿಗೂ ಬಂದಿಲ್ಲ. ಈಗ ತಂತಿ ದುಡ್ಡು ಮೊದಲು, ಕೂಲಿ ಆಮೇಲೆ. ಚಿಕ್ಕಪ್ಪನಿಗೂ ಅದೇ ರೂಲು. ಮಳೆಗಾಲದಲ್ಲಿ ಖಾಲಿ ಕೂರಬಾರದು ಅಂತ ಫ್ಯಾನು, ಮಿಕ್ಸಿ ವೈಂಡಿಂಗೂ ಮಾಡಿ ನೋಡಿದೆ. ಕರೆಂಟ್ ಬಿಲ್ ಕೂಡ ಹುಟ್ಟಲಿಲ್ಲ.

2022ರಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿತ್ತಲ್ಲ, 1933ರ ನಂತರ ಅದೇ ಮೊದಲು. ಊರೆಲ್ಲ ಹಬ್ಬ. ನನ್ನ ಅಂಗಡಿಯಲ್ಲಿ ಮಾತ್ರ ಕೆಲಸ ಇಲ್ಲ! ಬೋರ್‌ಗಳಲ್ಲಿ ನೀರು ಮೇಲೆ ಬಂದು, ನೀರಿಲ್ಲದೆ ಓಡಿ ಸುಡುವ ಮೋಟಾರು ಕಮ್ಮಿಯಾದವು. ಆಗ ಕೈ ಹಿಡಿದಿದ್ದು ಪೀಣ್ಯದಲ್ಲಿ ಕಲಿತ ಕೆಲಸ. ಸ್ಟಾರ್ಟರ್, ಪ್ಯಾನೆಲ್, ಆಟೋ ಸ್ವಿಚ್ ರಿಪೇರಿಗೆ ಇಳಿದೆ. ಈಗ ಇಬ್ಬರು ಹುಡುಗರಿಗೆ ಸಂಬಳ ಕೊಟ್ಟು, ಒಳ್ಳೆ ಬೇಸಿಗೆಯಲ್ಲಿ ತಿಂಗಳಿಗೆ 50 ಸಾವಿರ ಉಳಿಯುತ್ತೆ. ಮಳೆಗಾಲದಲ್ಲಿ 15 ಉಳಿದರೆ ಹೆಚ್ಚು.

ಡಿಗ್ರಿ ಬೇಡವೇ ಬೇಡ ಅಂತ ನಾನು ಹೇಳಲ್ಲ. ಹೆಣ್ಣು ನೋಡೋಕೆ ಹೋದಾಗ ಯಾರೂ ಆದಾಯ ಕೇಳಲಿಲ್ಲ, ಹುಡುಗ ಏನು ಓದಿದಾನೆ ಅಂತಲೇ ಕೇಳಿದರು. ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಬಿಕಾಂ ಕಟ್ಟಿದೆ. ಕೊನೆ ವರ್ಷದ್ದು ಎರಡು ಪೇಪರ್ ಬಾಕಿ ಇವೆ. ಪರೀಕ್ಷೆ ಬೇಸಿಗೆಯಲ್ಲಿ ಬಂದರೆ ಮಾತ್ರ ಬರೆಯೋಕಾಗಲ್ಲ. ಅದು ಸೀಸನ್ನು.