ಸಿಂಗಾಪುರದಿಂದ ಕ್ರೂಸ್ ಹತ್ತೋ ಮುಂಚೆ ಎರಡು ರಾತ್ರಿ ಅಲ್ಲೇ ಉಳ್ಕೊಳ್ಳೋದು ಹೇಗೆ?

ಬೆಂಗಳೂರಿಂದ ಸಿಂಗಾಪುರ ನಾಲ್ಕೂವರೆ ಗಂಟೆ ದಾರಿ ಅಷ್ಟೇ ಅಲ್ವಾ ಅಂತ ತುಂಬಾ ಜನ ರಾತ್ರಿ ಫ್ಲೈಟ್ ಹತ್ತಿ, ಬೆಳಿಗ್ಗೆ ಇಳಿದು, ಅದೇ ಮಧ್ಯಾಹ್ನ ಹಡಗು ಹತ್ತೋ ಹಾಗೆ ಟಿಕೆಟ್ ಮಾಡಿಸ್ಬಿಡ್ತಾರೆ. ಲೆಕ್ಕ ಸರಿಯಾಗೇ ಇರತ್ತೆ, ಫ್ಲೈಟ್ ಲೇಟಾಗೋವರೆಗೂ. ಫ್ಲೈಟ್ ಬೇರೆ ಕಡೆ ಕ್ರೂಸ್ ಬೇರೆ ಕಡೆ ಬುಕ್ ಮಾಡಿದ್ರೆ ಹಡಗು ನಿಮಗೋಸ್ಕರ ಹತ್ತು ನಿಮಿಷನೂ ಕಾಯಲ್ಲ, ದುಡ್ಡೂ ವಾಪಸ್ ಬರಲ್ಲ. ಅದಕ್ಕೇ ಮುಂಚೇನೇ ಹೋಗಿ ಎರಡು ರಾತ್ರಿ ಸಿಂಗಾಪುರದಲ್ಲೇ ಇದ್ದು ಆಮೇಲೆ ಹಡಗು ಹತ್ತೋದು ಒಳ್ಳೇದು. ಇದಕ್ಕೆ ಪ್ಲಾನ್ ಮಾಡೋವಾಗ ನಾವು ಸಾಮಾನ್ಯವಾಗಿ ಫ್ಲೈಟಿಂದ ಶುರು ಮಾಡ್ತೀವಿ, ಆದ್ರೆ ಮಾಡ್ಬೇಕಾಗಿರೋದು ಉಲ್ಟಾ. ಹಡಗಿನ ಬಾಗಿಲಿಂದ ಶುರು ಮಾಡಿ ಹಿಂದಕ್ಕೆ ಬನ್ನಿ.

ಮೊದಲು ಟರ್ಮಿನಲ್ ಯಾವುದು ನೋಡಿ

ಸಿಂಗಾಪುರದಲ್ಲಿ ಕ್ರೂಸ್ ಹಡಗು ನಿಲ್ಲೋ ಜಾಗ ಎರಡಿವೆ. ಒಂದು ಮರೀನಾ ಬೇ ಕ್ರೂಸ್ ಸೆಂಟರ್, 2012ರಲ್ಲಿ ಶುರುವಾಗಿದ್ದು, ತುಂಬಾ ದೊಡ್ಡ ಹಡಗುಗಳು ಬರೋದು ಇಲ್ಲಿಗೇ. ಇನ್ನೊಂದು ಹಾರ್ಬರ್‌ಫ್ರಂಟ್‌ನಲ್ಲಿರೋ ಸಿಂಗಾಪುರ ಕ್ರೂಸ್ ಸೆಂಟರ್, ವಿವೋಸಿಟಿ ಮಾಲ್ ಪಕ್ಕದಲ್ಲೇ. ಎರಡೂ ಬೇರೆ ಬೇರೆ ಕಡೆ. ನಿಮ್ಮ ಟಿಕೆಟ್‌ನಲ್ಲಿ ಯಾವುದಿದೆ ಅಂತ ಓದ್ಕೊಂಡು ಫೋನ್‌ನಲ್ಲಿ ಸ್ಕ್ರೀನ್‌ಶಾಟ್ ಇಟ್ಕೊಳ್ಳಿ, ಯಾಕಂದ್ರೆ ಮರೀನಾ ಬೇ ಅನ್ನೋ ಹೆಸರಲ್ಲಿ ಅಲ್ಲಿ ಹೋಟೆಲ್ ಇದೆ, ಮೆಟ್ರೋ ಸ್ಟೇಷನ್ ಇದೆ, ಮಾಲ್ ಇದೆ, ಟ್ಯಾಕ್ಸಿಯವನಿಗೆ ಬರೀ "ಮರೀನಾ ಬೇ" ಅಂದ್ರೆ ಅವನು ಸೀದಾ ಮರೀನಾ ಬೇ ಸ್ಯಾಂಡ್ಸ್ ಹೋಟೆಲ್ ಮುಂದೆ ನಿಲ್ಲಿಸಿದ್ರೂ ಆಶ್ಚರ್ಯ ಇಲ್ಲ. ಮರೀನಾ ಬೇ ಕ್ರೂಸ್ ಸೆಂಟರ್‌ಗೆ ಹತ್ತಿರದ ಮೆಟ್ರೋ ಅಂದ್ರೆ ಕೆಂಪು ಲೈನಿನ ಕೊನೇ ಸ್ಟೇಷನ್ ಮರೀನಾ ಸೌತ್ ಪಿಯರ್, ಮರೀನಾ ಬೇ ಸ್ಟೇಷನ್ ಅಲ್ಲ, ಅದರ ಮುಂದಿನದು.

ಆಮೇಲೆ ದಿನ ಲೆಕ್ಕ ಹಾಕಿ

ಹಡಗು ಸೋಮವಾರ ಅಂದ್ಕೊಳ್ಳಿ. ಶುಕ್ರವಾರ ರಾತ್ರಿ ಬೆಂಗಳೂರು ಬಿಡಿ, ಶನಿವಾರ ಬೆಳಗಿನ ಜಾವ ಸಿಂಗಾಪುರದ ಚಾಂಗಿ ಏರ್‌ಪೋರ್ಟಲ್ಲಿ ಇಳೀತೀರ, ಶನಿವಾರ ಭಾನುವಾರ ಎರಡು ರಾತ್ರಿ ಹೋಟೆಲ್. ಒಂದೇ ರಾತ್ರಿ ಸಾಕಾಗಲ್ವಾ ಅಂತ ಕೇಳ್ತಾರೆ. ಸಾಕಾಗತ್ತೆ, ಆದ್ರೆ ರಾತ್ರಿಯೆಲ್ಲಾ ಸರಿಯಾಗಿ ನಿದ್ದೆ ಇರಲ್ಲ, ಅಲ್ಲಿ ಟೈಮ್ ನಮಗಿಂತ ಎರಡೂವರೆ ಗಂಟೆ ಮುಂದೆ, ಹೋಟೆಲ್ ರೂಮ್ ಕೊಡೋದು ಮಧ್ಯಾಹ್ನ ಎರಡು ಮೂರು ಗಂಟೆಗೆ, ಹಾಗಾಗಿ ಮೊದಲನೇ ದಿನ ಅರ್ಧ ತೂಕಡಿಕೆಯಲ್ಲೇ ಹೋಗತ್ತೆ. ಊರು ನೋಡೋಕೆ ಸಿಗೋದು ಎರಡನೇ ದಿನಾನೇ. ಮೂರು ರಾತ್ರಿ ಬೇಡ ಅಂತ ನನ್ನ ಅಭಿಪ್ರಾಯ, ಸಿಂಗಾಪುರದ ಹೋಟೆಲ್ ರೇಟ್‌ಗೆ ಆ ದುಡ್ಡಲ್ಲಿ ಹಡಗಲ್ಲಿ ಬಾಲ್ಕನಿ ಇರೋ ಕ್ಯಾಬಿನ್ ತಗೋಬಹುದು.

ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿಗೆ ಫಾರ್ಮುಲಾ ಒನ್ ರೇಸ್ ಮರೀನಾ ಬೇ ರಸ್ತೆಗಳಲ್ಲೇ ನಡೆಯತ್ತೆ. ಆ ವೀಕೆಂಡ್ ರೂಮ್ ರೇಟ್ ಕೇಳಿದ್ರೆ ತಲೆ ತಿರುಗತ್ತೆ, ರಸ್ತೆಗಳೂ ಬಂದ್. ಡೇಟ್ ನೋಡ್ಕೊಂಡು ಬುಕ್ ಮಾಡಿ. ನವೆಂಬರಿಂದ ಜನವರಿವರೆಗೆ ಮಳೆ ಜಾಸ್ತಿ, ಆದ್ರೆ ಮಳೆ ಅಲ್ಲಿ ವರ್ಷಪೂರ್ತಿ ಇದ್ದಿದ್ದೇ, ಧೋ ಅಂತ ಸುರಿದು ನಿಂತೋಗತ್ತೆ, ಒಂದು ಚಿಕ್ಕ ಛತ್ರಿ ಇದ್ರೆ ಸಾಕು.

ವೀಸಾ ಮತ್ತೆ ಹೆಸರಿನ ಗೋಳು

ಸಿಂಗಾಪುರಕ್ಕೆ ನಮ್ಮ ಪಾಸ್‌ಪೋರ್ಟ್‌ಗೆ ವೀಸಾ ಬೇಕು, ಅಧಿಕೃತ ಏಜೆಂಟ್ ಮೂಲಕ ಅಪ್ಲೈ ಮಾಡ್ಬೇಕು. ಇಲ್ಲಿ ಕ್ರೂಸ್‌ನವರು ಗಮನಿಸಬೇಕಾದ ವಿಷ್ಯ ಏನಂದ್ರೆ ಮಲ್ಟಿಪಲ್ ಎಂಟ್ರಿ. ಹಡಗು ಪೆನಾಂಗ್‌ಗೋ ಫುಕೆಟ್‌ಗೋ ಹೋಗಿ ವಾಪಸ್ ಬಂದಾಗ ನೀವು ಸಿಂಗಾಪುರದೊಳಗೆ ಎರಡನೇ ಸಲ ಕಾಲಿಡ್ತೀರ, ವೀಸಾದಲ್ಲಿ ಅದಕ್ಕೆ ಅವಕಾಶ ಇರ್ಬೇಕು, ಬಂದ ಪೇಪರ್ ಕೈಗೆ ಸಿಕ್ಕ ತಕ್ಷಣ ಅದನ್ನೇ ಮೊದಲು ನೋಡಿ. ಮಲೇಷ್ಯಾ, ಥಾಯ್ಲೆಂಡ್ ಎರಡೂ ಇತ್ತೀಚೆಗೆ ಭಾರತೀಯರಿಗೆ ವೀಸಾ ಇಲ್ದೇ ಬಿಡೋಕೆ ಶುರು ಮಾಡಿದ್ವು, ಈ ರೂಲ್ಸ್ ಆಗಾಗ ಬದಲಾಗ್ತಾ ಇರತ್ತೆ, ನಿಮ್ಮ ಹಡಗು ನಿಲ್ಲೋ ಪ್ರತಿ ಊರಿಗೂ ಏನು ಬೇಕು ಅಂತ ಕ್ರೂಸ್ ಕಂಪನಿಯಿಂದ ಬರಹದಲ್ಲಿ ತರಿಸ್ಕೊಳ್ಳಿ. ಪಾಸ್‌ಪೋರ್ಟ್ ಆರು ತಿಂಗಳು ವ್ಯಾಲಿಡ್ ಇರ್ಬೇಕು ಅನ್ನೋದು ಎಲ್ಲರಿಗೂ ಗೊತ್ತಿರೋದೇ.

ಇನ್ನೊಂದು ನಮ್ಮ ಕಡೆಯವರ ಖಾಯಂ ತಲೆನೋವು, ಇನಿಷಿಯಲ್. ಆಧಾರ್‌ನಲ್ಲಿ ಒಂಥರಾ, ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಹೆಸರು ಊರಿನ ಹೆಸರು ಎಲ್ಲ ಬಿಡಿಸಿ ಬರೆದಿರತ್ತೆ, ಕೆಲವರಿಗೆ ಸರ್‌ನೇಮ್ ಜಾಗ ಪೂರ್ತಿ ಖಾಲಿ. ಫ್ಲೈಟ್, ವೀಸಾ, ಕ್ರೂಸ್ ಮೂರರಲ್ಲೂ ಪಾಸ್‌ಪೋರ್ಟ್‌ನಲ್ಲಿ ಇರೋ ಹಾಗೇ ಹೆಸರು ಇರ್ಬೇಕು, ಸರ್‌ನೇಮ್ ಖಾಲಿ ಇದ್ರೆ ಏನ್ ಹಾಕ್ಬೇಕು ಅಂತ ಕೇಳಿ ಹಾಕಿ, ನೀವೇ ಊಹೆ ಮಾಡ್ಬೇಡಿ.

ಎಸ್‌ಜಿ ಅರೈವಲ್ ಕಾರ್ಡ್ ಅಂತ ಒಂದು ಆನ್‌ಲೈನ್ ಫಾರ್ಮ್ ಇದೆ, ಇಳಿಯೋ ಮುಂಚೇನೇ, ಇಳಿಯೋ ದಿನ ಸೇರಿ ಮೂರು ದಿನದೊಳಗೆ ತುಂಬ್ಬೇಕು. ಇದು ಪೂರ್ತಿ ಫ್ರೀ. ಗೂಗಲ್‌ನಲ್ಲಿ ಹುಡುಕಿದ್ರೆ ದುಡ್ಡು ಕೇಳೋ ಸೈಟ್‌ಗಳೂ ಬರುತ್ವೆ, ಅವಕ್ಕೆ ಕಾರ್ಡ್ ನಂಬರ್ ಕೊಡ್ಬೇಡಿ. ಸಿಂಗಾಪುರ ಇಮಿಗ್ರೇಷನ್‌ನವರ ಸ್ವಂತ ಆ್ಯಪ್ ಇದೆ, ಮೈಐಸಿಎ ಅಂತ, ಅದರಲ್ಲೇ ಮಾಡಿ.

ಉಳ್ಕೊಳ್ಳೋದು ಎಲ್ಲಿ

ದ್ವೀಪ ಅಂದ ತಕ್ಷಣ ಎಲ್ಲರೂ ಸೆಂಟೋಸಾ ಅಂತಾರೆ. ಬೀಚ್ ಇದೆ, ರೆಸಾರ್ಟ್ ಇದೆ, ಮಕ್ಕಳಿಗೆ ಯೂನಿವರ್ಸಲ್ ಸ್ಟುಡಿಯೋಸ್ ಇದೆ, ಹಡಗು ಹಾರ್ಬರ್‌ಫ್ರಂಟಿಂದ ಆದ್ರೆ ಎದುರಿಗೇ ಇದೆ. ಆದ್ರೆ ರೇಟ್ ಜಾಸ್ತಿ, ಅದ್ರಲ್ಲೂ ಶುಕ್ರವಾರ ಶನಿವಾರ, ಮತ್ತೆ ಸಸ್ಯಾಹಾರಿಗಳಿಗೆ ರಾತ್ರಿ ಎಂಟರ ಮೇಲೆ ಊಟ ಹುಡುಕೋದೇ ಕೆಲಸ. ಹೇಗಿದ್ರೂ ಮುಂದಿನ ಮೂರ್ನಾಲ್ಕು ದಿನ ಸಮುದ್ರ, ಈಜುಕೊಳ ಇದನ್ನೇ ನೋಡ್ತೀರ, ಅದಕ್ಕೆ ಮುಂಚೆ ಮತ್ತೆ ರೆಸಾರ್ಟ್ ಯಾಕೆ?

ನಾನಾಗಿದ್ರೆ ಲಿಟಲ್ ಇಂಡಿಯಾ ಅಥವಾ ಫೆರರ್ ಪಾರ್ಕ್ ಕಡೆ ರೂಮ್ ನೋಡ್ತೀನಿ. ಅಲ್ಲಿಂದ ನೇರಳೆ ಲೈನ್ ಮೆಟ್ರೋ ಹತ್ತಿದ್ರೆ ಬದಲಾಯಿಸದೇ ಸೀದಾ ಹಾರ್ಬರ್‌ಫ್ರಂಟ್. ಮರೀನಾ ಸೌತ್ ಪಿಯರ್‌ಗಾದ್ರೆ ಡೋಬಿ ಘಾಟ್‌ನಲ್ಲಿ ಇಳಿದು ಕೆಂಪು ಲೈನ್, ಒಂದೇ ಸಲ ಬದಲಾವಣೆ. ಊಟದ ಚಿಂತೆನೇ ಇಲ್ಲ, ಸೆರಂಗೂನ್ ರಸ್ತೆಯಲ್ಲಿ 1947ರಿಂದ ಇರೋ ಕೋಮಳ ವಿಲಾಸ್ ಇದೆ, ನಮ್ಮ ಎಂಟಿಆರ್ ಕೂಡ ಅದೇ ರಸ್ತೆಯಲ್ಲಿ, ರವೆ ಇಡ್ಲಿ ತಿಂದು ಕಾಫಿ ಕುಡಿದು ಹೊರಗೆ ಬಂದ್ರೆ ಎದುರಿಗೆ ಸಿಂಗಾಪುರ. ಏನಾದ್ರೂ ಮರೆತು ಬಂದಿದ್ರೆ ಮುಸ್ತಫಾ ಸೆಂಟರ್ ಅನ್ನೋ ದೊಡ್ಡ ಅಂಗಡಿ ತಡರಾತ್ರಿವರೆಗೆ ತೆಗೆದಿರತ್ತೆ. ಒಂದೇ ವಿಷ್ಯ, ಭಾನುವಾರ ಸಂಜೆ ಅಲ್ಲಿ ವಿಪರೀತ ಜನ, ವಾರವೆಲ್ಲಾ ದುಡಿಯೋ ನಮ್ಮ ದೇಶದ, ಬಾಂಗ್ಲಾದ ಕಾರ್ಮಿಕರಿಗೆ ರಜೆ ಅವತ್ತೇ, ರಶ್ ಆಗಲ್ಲ ಅನ್ನೋರು ಆ ಹೊತ್ತಿಗೆ ಬೇರೆ ಕಡೆ ತಿರುಗಾಡಿ.

ವಯಸ್ಸಾದ ಅಪ್ಪ-ಅಮ್ಮ ಜೊತೆಗಿದ್ರೆ ಮಾತ್ರ ದುಡ್ಡು ಸ್ವಲ್ಪ ಹೆಚ್ಚಾದ್ರೂ ಟರ್ಮಿನಲ್ ಹತ್ರಾನೇ ಮಾಡಿ.

ಸೂಟ್‌ಕೇಸ್ ತುಂಬೋವಾಗ

ಸಿಂಗಾಪುರದ ಕಸ್ಟಮ್ಸ್ ಬಗ್ಗೆ ಚ್ಯೂಯಿಂಗ್ ಗಮ್ ತರೋ ಹಾಗಿಲ್ಲ ಅನ್ನೋ ಕಥೆ ಎಲ್ಲರಿಗೂ ಗೊತ್ತು. ಗೊತ್ತಿಲ್ಲದೇ ಇರೋದು ಗಸಗಸೆ. ಅಲ್ಲಿ ಗಸಗಸೆ ನಿಷೇಧ, ಮಾದಕವಸ್ತು ಲೆಕ್ಕಕ್ಕೆ ಬರತ್ತೆ, ಮಗಳ ಮನೆಗೆ ಪಾಯಸಕ್ಕೆ ಅಂತ ಅಜ್ಜಿ ಕಟ್ಟಿಕೊಡೋ ಪೊಟ್ಟಣ ಮೊದಲು ಹೊರಗೆ ತೆಗೀರಿ. ಗುಟ್ಕಾ, ಜಗಿಯೋ ಹೊಗೆಸೊಪ್ಪು, ಇ-ಸಿಗರೇಟ್ ಯಾವುದೂ ಬೇಡ. ಸಿಗರೇಟಿಗೆ ಡ್ಯೂಟಿ ಫ್ರೀ ವಿನಾಯಿತಿನೇ ಇಲ್ಲ. ನಿದ್ದೆ ಮಾತ್ರೆ, ಕೊಡೀನ್ ಇರೋ ಕೆಮ್ಮಿನ ಸಿರಪ್ ಥರದ್ದು ತಗೊಳ್ಳೋರು ಮುಂಚೇನೇ ಅನುಮತಿ ಬೇಕಾ ಅಂತ ವಿಚಾರಿಸಿ, ಡಾಕ್ಟರ್ ಚೀಟಿ ಜೊತೆಗಿಡಿ.

ಹಡಗಿನ ರೂಲ್ಸ್ ಬೇರೆ. ಇಸ್ತ್ರಿ ಪೆಟ್ಟಿಗೆ, ಕೆಟಲ್, ಪುಟ್ಟ ರೈಸ್ ಕುಕ್ಕರ್ ಇವನ್ನೆಲ್ಲ ಹತ್ತೋವಾಗ ಇಸ್ಕೊಂಡುಬಿಡ್ತಾರೆ. ಮನೇಲಿ ಮಾಡಿದ ತಿಂಡಿನೂ ಸಾಮಾನ್ಯವಾಗಿ ಬಿಡಲ್ಲ, ಚಕ್ಲಿ ಕೋಡುಬಳೆ ತಂದಿದ್ರೆ ಆ ಎರಡು ದಿನದಲ್ಲೇ ಹೋಟೆಲ್ ರೂಮಲ್ಲಿ ಖಾಲಿ ಮಾಡಿ. ಪ್ಲಗ್ ವಿಷ್ಯಕ್ಕೆ ಬಂದ್ರೆ ಸಿಂಗಾಪುರದಲ್ಲಿ ಚೌಕ ಮೂರು ಪಿನ್ನಿಂದು, ಹಡಗಲ್ಲಿ ಬೇರೆ ಥರ, ಯೂನಿವರ್ಸಲ್ ಅಡಾಪ್ಟರ್ ಒಂದು ತಗೊಳ್ಳಿ.

ಇಳಿದ ದಿನ

ಫ್ಲೈಟ್ ಬೆಳಗಿನ ಜಾವ ಇಳಿದ್ರೆ ಹೊರಗೆ ಓಡ್ಬೇಡಿ. ಅಲ್ಲಿ ಸೂರ್ಯ ಹುಟ್ಟೋದೇ ಏಳು ಗಂಟೆ ಹೊತ್ತಿಗೆ, ಮತ್ತೆ ರಾತ್ರಿ ಹನ್ನೆರಡರಿಂದ ಬೆಳಿಗ್ಗೆ ಆರರವರೆಗೆ ಮೀಟರ್ ಟ್ಯಾಕ್ಸಿಗೆ ಐವತ್ತು ಪರ್ಸೆಂಟ್ ಎಕ್ಸ್‌ಟ್ರಾ, ಐದೂಮುಕ್ಕಾಲಿಗೆ ಹೊರಗೆ ಬಂದ್ರೆ ಒಂದು ಕಾಫಿ ಕುಡಿದು ಆರರ ಮೇಲೆ ಹತ್ತಿ. ಲಗೇಜ್ ಕಮ್ಮಿ ಇದ್ರೆ ಮೆಟ್ರೋನೇ ಸಾಕು. ಟಿಕೆಟ್ ಬೇಡ, ನಿಮ್ಮ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಫಾರೆಕ್ಸ್ ಕಾರ್ಡ್ ಟ್ಯಾಪ್ ಮಾಡಿದ್ರೆ ಗೇಟ್ ತೆಗೆಯತ್ತೆ, ಹೊರದೇಶದ ಕಾರ್ಡ್‌ಗೆ ದಿನಕ್ಕೆ ಸ್ವಲ್ಪ ಚಾರ್ಜ್ ಬೀಳತ್ತೆ, ಆದ್ರೆ ಒಬ್ಬೊಬ್ಬರಿಗೂ ಒಂದೊಂದು ಕಾರ್ಡ್ ಬೇಕು, ಒಂದೇ ಕಾರ್ಡಲ್ಲಿ ಗಂಡ-ಹೆಂಡ್ತಿ ಇಬ್ಬರೂ ಹೋಗೋಕಾಗಲ್ಲ.

ಬ್ಯಾಗ್‌ಗಳನ್ನ ಹೋಟೆಲ್ ರಿಸೆಪ್ಷನ್‌ನಲ್ಲಿ ಬಿಟ್ಟು ತಿಂಡಿ ತಿನ್ನಿ, ಹತ್ತಿರದ ವೀರಮಾಕಾಳಿಯಮ್ಮನ ದೇವಸ್ಥಾನಕ್ಕೆ ಹೋಗಿ ಬನ್ನಿ, ಮಧ್ಯಾಹ್ನ ರೂಮ್ ಸಿಕ್ಕಿದ ಮೇಲೆ ಮಲಗಿ. ಸಂಜೆಗೆ ದುಡ್ಡು ಖರ್ಚಿಲ್ಲದ ಎರಡು ಶೋ ಇವೆ. ಗಾರ್ಡನ್ಸ್ ಬೈ ದ ಬೇಯಲ್ಲಿ ಆ ದೊಡ್ಡ ಲೋಹದ ಮರಗಳ ಕೆಳಗೆ 7:45ಕ್ಕೆ ಲೈಟ್ ಶೋ, ಅಲ್ಲೇ ಹುಲ್ಲಿನ ಮೇಲೋ ಕಟ್ಟೆ ಮೇಲೋ ಮಲಗಿ ಮೇಲೆ ನೋಡ್ಬೇಕು, ಮುಗಿದ ಮೇಲೆ ಮೇಲ್ಸೇತುವೆ ದಾಟಿ ಮರೀನಾ ಬೇ ಸ್ಯಾಂಡ್ಸ್ ಆ ಕಡೆ ನೀರಿನ ಹತ್ರ ಹೋದ್ರೆ 9ಕ್ಕೆ ಸ್ಪೆಕ್ಟ್ರಾ ಅನ್ನೋ ಕಾರಂಜಿ ಶೋ. ಹಾಕರ್ ಸೆಂಟರ್, ಅಂದ್ರೆ ಸಾಲಾಗಿ ಊಟದ ಅಂಗಡಿಗಳಿರೋ ಜಾಗದಲ್ಲಿ ತಿಂದ್ರೆ ತಟ್ಟೆ ನೀವೇ ಎತ್ತಿಡ್ಬೇಕು, ಟೇಬಲ್ ಮೇಲೆ ಬಿಟ್ಟು ಎದ್ದು ಹೋದ್ರೆ ದಂಡ ಬೀಳಬಹುದು.

ಮಾರನೇ ದಿನ: ಒಂದೇ ಒಂದು ಜಾಗ

ಇಲ್ಲಿ ಆಸೆ ಕಮ್ಮಿ ಇಟ್ಕೊಳ್ಳಿ. ಯೂನಿವರ್ಸಲ್ ಸ್ಟುಡಿಯೋಸ್ ಪೂರ್ತಿ ಒಂದು ದಿನ ತಿನ್ನತ್ತೆ, ಕಾಲು ಬಿದ್ದೋಗತ್ತೆ, ಹಡಗಿಂದ ವಾಪಸ್ ಬಂದ ಮೇಲೆ ದಿನ ಇದ್ರೆ ಆವಾಗ ಮಾಡಿ. ಸೆಂಟೋಸಾಗೆ ಹೋಗ್ಬೇಕು ಅಂತಿದ್ರೆ ವಿವೋಸಿಟಿಯಿಂದ ಮೊನೊರೈಲ್‌ಗೆ 4 ಡಾಲರ್, ಬರೋದು ಫ್ರೀ, ಪಕ್ಕದ ಬೋರ್ಡ್‌ವಾಕ್‌ನಲ್ಲಿ ನಡ್ಕೊಂಡು ಹೋದ್ರೆ ಅದೂ ಇಲ್ಲ. ದ್ವೀಪದೊಳಗಿನ ಬಸ್ ಫ್ರೀ. ಸಿಲೋಸೋ ಕೋಟೆ ನೋಡಿ, ಎಂಟ್ರಿ ಫ್ರೀ, ಈ ದ್ವೀಪ ಬ್ರಿಟಿಷರ ಸೈನ್ಯದ ನೆಲೆಯಾಗಿತ್ತು, ಆವಾಗ ಪುಲಾವ್ ಬ್ಲಾಕಾಂಗ್ ಮಾಟಿ ಅಂತಿದ್ದಿದ್ದು, ಸೆಂಟೋಸಾ ಅಂತ ಹೆಸರಿಟ್ಟಿದ್ದು 1972ರಲ್ಲಿ. 1942ರಲ್ಲಿ ಬ್ರಿಟಿಷರು ಜಪಾನಿಗೆ ಶರಣಾದ ಕಥೆ ಅಲ್ಲಿ ಮೇಣದ ಗೊಂಬೆಗಳಲ್ಲಿದೆ.

ನನ್ನನ್ನ ಕೇಳಿದ್ರೆ ಇದಕ್ಕಿಂತ ಒಳ್ಳೇದು ಸೇಂಟ್ ಜಾನ್ಸ್ ಮತ್ತೆ ಕುಸು ದ್ವೀಪ. ಇವಕ್ಕೆ ಫೆರ್ರಿ ಹೊರಡೋದು ಮರೀನಾ ಸೌತ್ ಪಿಯರಿಂದ, ಅಂದ್ರೆ ಮರೀನಾ ಬೇ ಕ್ರೂಸ್ ಸೆಂಟರ್ ಪಕ್ಕದಿಂದಾನೇ. ನಿಮ್ಮ ಹಡಗು ಅಲ್ಲಿಂದಾದ್ರೆ ಮಾರನೇ ದಿನ ಬ್ಯಾಗ್ ಎಳ್ಕೊಂಡು ಬರೋ ದಾರಿ, ಲಿಫ್ಟ್ ಎಲ್ಲಿದೆ, ಎಷ್ಟು ನಡೀಬೇಕು ಎಲ್ಲ ಹಿಂದಿನ ದಿನಾನೇ ಗೊತ್ತಾಗೋಗತ್ತೆ. ಸೇಂಟ್ ಜಾನ್ಸ್ ಒಂದು ಕಾಲಕ್ಕೆ ಹಡಗಲ್ಲಿ ಬಂದವರನ್ನ ಕ್ವಾರಂಟೈನ್ ಮಾಡ್ತಿದ್ದ ಜಾಗ, ಈಗ ಮರ, ಬೆಕ್ಕು, ನಿಶ್ಶಬ್ದ, ಅಲ್ಲಿಂದ ನಡ್ಕೊಂಡೇ ಲಾಜರಸ್ ದ್ವೀಪದ ಬೀಚ್‌ಗೆ ಹೋಗಬಹುದು. ಕುಸುನಲ್ಲಿ ಚೀನೀ ದೇವಸ್ಥಾನ, ಆಮೆಗಳು. ಊಟ ನೀರು ಕಟ್ಕೊಂಡೇ ಹೋಗಿ, ಕೊನೇ ಫೆರ್ರಿ ಟೈಮ್ ಇಳಿಯೋವಾಗ್ಲೇ ಕೇಳ್ಕೊಳ್ಳಿ. ಹಡಗು ಹತ್ತೋ ದಿನ ಮಾತ್ರ ಈ ಸಾಹಸ ಬೇಡ.

ಹಡಗು ಹತ್ತೋ ದಿನ

ಆನ್‌ಲೈನ್ ಚೆಕ್-ಇನ್ ಮನೆಯಿಂದಾನೇ ಮುಗಿಸಿರಿ, ಅದರಲ್ಲಿ ಟರ್ಮಿನಲ್‌ಗೆ ಬರೋ ಟೈಮ್ ಸ್ಲಾಟ್ ಕೊಡ್ತಾರೆ. ವೆಜ್ ಅಥವಾ ಜೈನ್ ಊಟ ಬೇಕಂದ್ರೆ ಬುಕಿಂಗ್ ಟೈಮಲ್ಲೇ ಹೇಳಿರ್ಬೇಕು, ಹಡಗು ಹತ್ತಿದ ಮೇಲೆ ಹೇಳಿದ್ರೆ ಸಲಾಡ್ ಸಿಗತ್ತೆ. ಹೋಟೆಲ್ ಚೆಕ್-ಔಟ್ ಹನ್ನೊಂದು-ಹನ್ನೆರಡು, ಅದಕ್ಕೆ ಹೊಂದೋ ಹಾಗೆ ಮಧ್ಯಾಹ್ನದ ಸ್ಲಾಟ್ ತಗೊಂಡ್ರೆ ಮಧ್ಯೆ ಅಲೆಯೋದು ತಪ್ಪತ್ತೆ. ದೊಡ್ಡ ಸೂಟ್‌ಕೇಸ್‌ಗಳಿದ್ರೆ ಟ್ಯಾಕ್ಸಿ ಅಥವಾ ಗ್ರ್ಯಾಬ್ (ನಮ್ಮ ಓಲಾ ಥರದ ಆ್ಯಪ್).

ಟರ್ಮಿನಲ್ ಬಾಗಿಲಲ್ಲೇ ದೊಡ್ಡ ಬ್ಯಾಗ್ ಇಸ್ಕೊಂಡು ಟ್ಯಾಗ್ ಕಟ್ತಾರೆ, ಅದು ಕ್ಯಾಬಿನ್‌ಗೆ ಬರೋಷ್ಟರಲ್ಲಿ ಸಂಜೆ ಆಗಬಹುದು. ಪಾಸ್‌ಪೋರ್ಟ್, ಮಾತ್ರೆ, ಚಾರ್ಜರ್, ಒಂದು ಜೊತೆ ಬಟ್ಟೆ, ಮಕ್ಕಳ ಈಜುಡುಗೆ ಕೈಚೀಲದಲ್ಲೇ ಇರಲಿ, ಇಲ್ದಿದ್ರೆ ಮಕ್ಕಳು ಪೂಲ್ ನೋಡಿ ಅಳ್ತಾ ಕೂರ್ತವೆ. ಹಡಗು ದಡ ಬಿಡೋ ಮುಂಚೆ ಫೋನ್ ಏರ್‌ಪ್ಲೇನ್ ಮೋಡ್‌ಗೆ ಹಾಕಿ, ಸಮುದ್ರದಲ್ಲಿ ಹಡಗಿನ ಸ್ವಂತ ನೆಟ್‌ವರ್ಕ್ ಹಿಡಿದ್ರೆ ಬಿಲ್ ನೋಡೋಕಾಗಲ್ಲ.

ವಾಪಸ್ ಬರೋವಾಗ

ಹಡಗು ಬೆಳಿಗ್ಗೆ ಬಂದ್ರೂ ಇಳಿಯೋ ಕ್ಯೂ, ಇಮಿಗ್ರೇಷನ್ ಎಲ್ಲ ಸೇರಿ ಹೊತ್ತಾಗತ್ತೆ, ಹಾಗಾಗಿ ಸಂಜೆ ಮೇಲಿನ ಫ್ಲೈಟ್ ಇರಲಿ. ಅರೈವಲ್ ಕಾರ್ಡ್ ಇನ್ನೊಂದು ಸಲ ತುಂಬ್ಬೇಕು, ಮೊದಲು ತುಂಬಿದ್ದು ಆಗಲ್ಲ, ಹಡಗಿನ ವೈಫೈಗೆ ದುಡ್ಡು ಕೊಡೋದು ಬೇಡ ಅಂದ್ರೆ ಹಿಂದಿನ ಊರಲ್ಲಿ ದಡಕ್ಕೆ ಇಳಿದಾಗ್ಲೇ ಮುಗಿಸಿ. ಶಾಪಿಂಗ್‌ನ ಜಿಎಸ್‌ಟಿ, ಅಲ್ಲಿ 9 ಪರ್ಸೆಂಟ್, ವಾಪಸ್ ಪಡೆಯೋ ಪ್ಲಾನ್ ಇದ್ರೆ, ಸಿಂಗಾಪುರಕ್ಕೇ ವಾಪಸ್ ಬರೋ ಕ್ರೂಸ್‌ಗೆ ಟರ್ಮಿನಲ್‌ನಲ್ಲಿ ಕೊಡಲ್ಲ, ಚಾಂಗಿಯಲ್ಲಿ ಮಾಡ್ಬೇಕು. ಆ ಸಾಮಾನು ಬ್ಯಾಗ್‌ನಲ್ಲಿ ಮೇಲೆ ಇರಲಿ, ತೋರಿಸಿ ಅಂದ್ರೆ ತೆಗೆಯೋಕೆ ಸಿಗ್ಬೇಕು, ಚೆಕ್-ಇನ್‌ಗೆ ಹಾಕೋ ಬ್ಯಾಗ್ ಆದ್ರೆ ರಿಫಂಡ್ ಮುಗಿಸ್ಕೊಂಡು ಆಮೇಲೆ ಕೌಂಟರ್‌ಗೆ ಕೊಡಿ.