ಗರ್ಭನಿರೋಧಕ ಮಾತ್ರೆ: ಒಂದು ದಿನ ಮರೆತರೆ ಏನು ಮಾಡಬೇಕು?

ಈ ಮಾತ್ರೆ ಕೈಕೊಡುವುದು ಹೆಚ್ಚಾಗಿ ನಮ್ಮ ಮರೆವಿನಿಂದ. ಒಂದು ದಿನವೂ ತಪ್ಪಿಸದೆ ತಗೊಂಡರೆ ವರ್ಷಕ್ಕೆ 100 ಹೆಂಗಸರಲ್ಲಿ ಒಬ್ಬರಿಗೂ ಗರ್ಭ ನಿಲ್ಲುವುದು ಅಪರೂಪ. ಆಗೊಮ್ಮೆ ಈಗೊಮ್ಮೆ ಮರೆಯುತ್ತಾ ತಗೊಂಡರೆ ಅದು ಸುಮಾರು 7 ಜನಕ್ಕೆ ಏರುತ್ತದೆ.

ಮೊದಲು ನಿಮಗೆ ಯಾವ ಮಾತ್ರೆ ಸರಿ ಅಂತ ಡಾಕ್ಟರ್ ಹತ್ತಿರ ಕೇಳಿಕೊಳ್ಳಿ. ಈಸ್ಟ್ರೋಜನ್, ಪ್ರೊಜೆಸ್ಟಿನ್ ಎಂಬ ಎರಡೂ ಹಾರ್ಮೋನ್ ಇರುವುದು ಒಂದು ಬಗೆ, ಪ್ರೊಜೆಸ್ಟಿನ್ ಮಾತ್ರ ಇರುವುದು ಇನ್ನೊಂದು. 35 ದಾಟಿ ಸಿಗರೇಟು ಸೇದುವವರು, ಬಿಪಿ ಜಾಸ್ತಿ ಇರುವವರು, ಹಿಂದೆ ಕಾಲಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದವರು, ಕಣ್ಣ ಮುಂದೆ ಮಿಂಚಿನಂಥ ಗೆರೆ ಕಂಡು ಆಮೇಲೆ ಮೈಗ್ರೇನ್ ಶುರುವಾಗುವವರು, ಈಗಷ್ಟೇ ಹೆರಿಗೆಯಾದವರು ಮೊದಲ ಬಗೆಯಿಂದ ದೂರ ಇರಬೇಕು. ಹಾಗಾಗಿ ಗೆಳತಿಯ ಪ್ಯಾಕ್ ನೋಡಿ ಸುಮ್ನೆ ಅದನ್ನೇ ತಂದುಕೊಳ್ಳಬೇಡಿ.

ಮೊದಲ ಬಗೆಯ ಮಾತ್ರೆಯನ್ನು ಮುಟ್ಟಾದ 5 ದಿನದೊಳಗೆ ಶುರು ಮಾಡಿದರೆ ಅವತ್ತಿನಿಂದಲೇ ರಕ್ಷಣೆ. ಬೇರೆ ದಿನ ಶುರು ಮಾಡಿದರೆ ಮೊದಲ 7 ದಿನ ಕಾಂಡೋಮ್ ಬೇಕೇ ಬೇಕು.

ಈ 7 ಯಾಕೆ ಅಂತ ತಿಳಿದರೆ ಉಳಿದದ್ದು ಸುಲಭ. ಅಂಡಾಶಯವನ್ನು ಮಲಗಿಸೋಕೆ ಸಾಲಾಗಿ 7 ಮಾತ್ರೆ ಬೇಕು. ಪ್ಯಾಕ್ ಕೊನೆಯಲ್ಲಿ ಹಾರ್ಮೋನ್ ಇಲ್ಲದ 7 ದಿನ ಬರುತ್ತದಲ್ವಾ, ಆಗ ಅದು ನಿಧಾನಕ್ಕೆ ಎಚ್ಚರವಾಗುತ್ತಿರುತ್ತದೆ. ಆ ಬಿಡುವು ಎಂಟೋ ಒಂಬತ್ತೋ ದಿನಕ್ಕೆ ಎಳೆದರೆ ಅಪಾಯ. ಅದಕ್ಕೇ ಹೊಸ ಪ್ಯಾಕ್ ತಡವಾಗಿ ಶುರು ಮಾಡುವುದೇ ಎಲ್ಲಕ್ಕಿಂತ ಕೆಟ್ಟ ಮರೆವು. ಹಳೆಯದು ಮುಗಿಯುವ ಮೊದಲೇ ಮುಂದಿನ ಪ್ಯಾಕ್ ತಂದಿಟ್ಟುಕೊಳ್ಳಿ.

ಒಂದು ಮಾತ್ರೆ ಮರೆತಿರಾ? ನೆನಪಾದ ಕೂಡಲೇ ತಗೊಳ್ಳಿ, ಅವತ್ತಿನದನ್ನೂ ಅದರ ಹೊತ್ತಿಗೆ ತಗೊಳ್ಳಿ. ಒಂದೇ ದಿನ ಎರಡಾದರೂ ಪರವಾಗಿಲ್ಲ. ಎರಡು ಅಥವಾ ಹೆಚ್ಚು ಮರೆತಿದ್ದರೆ ಕೊನೆಯದಾಗಿ ತಪ್ಪಿದ್ದನ್ನು ಮಾತ್ರ ತಗೊಂಡು ಉಳಿದವನ್ನು ಬಿಟ್ಟುಬಿಡಿ, ಮುಂದಿನ 7 ದಿನ ಕಾಂಡೋಮ್ ಬಳಸಿ. ಹೀಗಾಗಿದ್ದು ಮೊದಲ ವಾರದಲ್ಲಾದರೆ, ಹಿಂದಿನ 5 ದಿನದಲ್ಲಿ ಕೂಡಿದ್ದರೆ, ಗರ್ಭ ತಡೆಯುವ ತುರ್ತು ಮಾತ್ರೆ ಬೇಕಾ ಅಂತ ಅವತ್ತೇ ಡಾಕ್ಟರ್ ಹತ್ತಿರ ಕೇಳಿ. ಮೂರನೇ ವಾರದಲ್ಲಾದರೆ ಈ ಪ್ಯಾಕ್‌ನ ಹಾರ್ಮೋನ್ ಮಾತ್ರೆ ಮುಗಿಸಿ, ಬಿಡುವೇ ಕೊಡದೆ ನೇರ ಹೊಸ ಪ್ಯಾಕ್‌ಗೆ ಹೋಗಿ. ಪ್ಯಾಕ್ ಕೊನೆಯಲ್ಲಿರುವ ಹಾರ್ಮೋನ್ ಇಲ್ಲದ ಮಾತ್ರೆ ಮರೆತರೆ ಚಿಂತೆ ಬೇಡ.

ಪ್ರೊಜೆಸ್ಟಿನ್ ಮಾತ್ರ ಇರುವ ಮಾತ್ರೆಗೆ ಈ ಲೆಕ್ಕ ನಡೆಯುವುದಿಲ್ಲ. ಹಳೆಯ ಬಗೆಯಲ್ಲಿ 3 ಗಂಟೆ ತಡವಾದರೂ ಮರೆತಂತೆಯೇ, ಡೆಸೊಜೆಸ್ಟ್ರೆಲ್ ಎಂಬ ಪ್ರೊಜೆಸ್ಟಿನ್ ಇರುವುದಾದರೆ 12 ಗಂಟೆ ತನಕ ತಡವಾದರೂ ನಡೆಯುತ್ತದೆ. ಫೋನಿನಲ್ಲಿ ಅಲಾರಂ ಇಡಿ.

ಮಾತ್ರೆ ನುಂಗಿ 3 ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ತಗೊಳ್ಳಿ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಫಿಟ್ಸ್‌ಗೆ ಕೊಡುವ ಫೆನಿಟೋಯಿನ್, ಕಾರ್ಬಮಜೆಪಿನ್ ಇದರ ಬಲ ಕುಗ್ಗಿಸುತ್ತವೆ, ಮಾಮೂಲಿ ಆಂಟಿಬಯಾಟಿಕ್‌ಗಳು ಕುಗ್ಗಿಸುವುದಿಲ್ಲ. ಲೈಂಗಿಕ ರೋಗ ತಡೆಯೋಕೆ ಕಾಂಡೋಮ್ ಬೇಕು, ಮಾತ್ರೆಗೆ ಆ ಕೆಲಸ ಆಗುವುದಿಲ್ಲ.

ಮೊದಲ ಎರಡು ಮೂರು ತಿಂಗಳು ಚೂರುಚೂರು ರಕ್ತ ಕಾಣಿಸುವುದು, ವಾಕರಿಕೆ, ಸ್ತನ ಬಿಗಿತ ಇರಬಹುದು, ಹೆದರಿ ಅರ್ಧಕ್ಕೆ ನಿಲ್ಲಿಸಬೇಡಿ. ಆದರೆ ಒಂದೇ ಕಾಲು ಊದಿ ನೋವು, ಎದೆನೋವು, ಉಸಿರು ಸಿಕ್ಕಿಕೊಳ್ಳುವುದು, ಹಿಂದೆಂದೂ ಬಾರದಂಥ ತಲೆನೋವು, ಕಣ್ಣು ಮಂಜಾಗುವುದು, ಇವುಗಳಲ್ಲಿ ಒಂದು ಕಂಡರೂ ನಾಳೆ ನೋಡೋಣ ಅನ್ನದೆ ತಕ್ಷಣ ಆಸ್ಪತ್ರೆಗೆ ಹೋಗಿ, ಈ ಮಾತ್ರೆ ತಗೊಳ್ಳುತ್ತಿದ್ದೇನೆ ಅಂತ ಮೊದಲೇ ಹೇಳಿ.